ಮೊಬೈಲ್ ನೋಡಿ ಗೋಲು ಕ್ಯಾನ್ಸಲ್ ಮಾಡಿದ್ದು ಸರಿಯಾ?

ಕೋಡಿಬಾಗ ಕಾರ್ನರ್ · ಸೋಮವಾರ ರಾತ್ರಿ 9.50

ನಿನ್ನೆ ಕಾರವಾರದ ಟಾಗೋರ್ ಬೀಚಿನ ಫುಟ್‌ಬಾಲ್ ಫೈನಲ್ ನೋಡಿದವರಿಗೆ ಕಥೆ ಗೊತ್ತು. ಇಲ್ಲದವರಿಗೆ ಹೇಳಿಬಿಡುತ್ತೇನೆ. 1-1 ಇತ್ತು. ಇನ್ನು ಹನ್ನೆರಡು ನಿಮಿಷ ಬಾಕಿ. ಬೈತಖೋಲ್ ಟೀಮಿನ ಲೆಫ್ಟ್ ವಿಂಗ್ ಹುಡುಗ ಒದ್ದೆ ಮರಳಿನ ಮೇಲೆ ಚೆಂಡು ತಳ್ಳಿಕೊಂಡು ಬಂದ, ಒಳಗೆ ಕೊಟ್ಟ, ವಾಪಸ್ ತಗೊಂಡ, ಹೊಡೆದ. ಗಾಳಿಮರದ ಕಂಬಕ್ಕೆ ತಾಗಿ ಚೆಂಡು ಒಳಗೆ ಹೋಯಿತು. ರೆಫರಿ ಸೀಟಿ ಊದಿ ಗೋಲು ಅಂದರು. ಹುಡುಗರೆಲ್ಲ ಸಮುದ್ರಕ್ಕೆ ಹಾರಿದ್ದೂ ಆಯಿತು.

ಆಗ ನಮ್ಮ ಟೀಮಿನವನೊಬ್ಬನ ತಮ್ಮ ಮೊಬೈಲ್ ಹಿಡಿದು ಓಡಿ ಬಂದ. ವಿಡಿಯೊ ನಿಲ್ಲಿಸಿ ನಿಲ್ಲಿಸಿ ತೋರಿಸಿದ. ಲೆಫ್ಟ್ ವಿಂಗ್ ಹುಡುಗನ ಮೊಣಕಾಲು ಆಫ್‌ಸೈಡ್ ಅಂತೆ. ಅಂದರೆ ಅವನಿಗೆ ಚೆಂಡು ವಾಪಸ್ ಒದ್ದ ಕ್ಷಣಕ್ಕೆ ಅದು ನಮ್ಮ ಕಡೇ ಡಿಫೆಂಡರ್‌ಗಿಂತ ಗೋಲಿನ ಹತ್ತಿರ ಇತ್ತು ಅಂತ. ಬಿಸಿಲಿಗೆ ಸ್ಕ್ರೀನ್ ಕಾಣದೆ ರೆಫರಿ ತಲೆ ಮೇಲೆ ಟವೆಲ್ ಹಾಕಿಕೊಂಡು ನೋಡಿದರು. ಹತ್ತು ನಿಮಿಷ ನೋಡಿದರು. ಗೋಲು ಕ್ಯಾನ್ಸಲ್. ಮಾತಿಗೆ ಮಾತು ಬೆಳೆದು ಎರಡೂ ಕಡೆಯವರು ಎದ್ದು ಹೋದರು. ಹದಿನೈದು ಸಾವಿರ ಬಹುಮಾನ ಮತ್ತು ಕಪ್ ಈಗ ಕಮಿಟಿಯವರ ಮನೆ ಕಪಾಟಿನಲ್ಲಿವೆ.

ನಾನು ಲಾಭ ಆದ ಕಡೆಯವನು. ಖುಷಿ ಆಗಬೇಕಿತ್ತು, ಆಗಲಿಲ್ಲ. ಯಾಕೆ ಅಂದರೆ ನಮ್ಮ ಆಫೀಸಿನಲ್ಲೂ ಇದೇ ನಡೆಯುತ್ತಿದೆ. ಸಾಲದ ಅರ್ಜಿ ನೋಡುವ ಕೆಲಸ ನಮ್ಮದು. ಹೋದ ವರ್ಷ ಏಳು ಜನ ಇದ್ದೆವು. ಸಾಫ್ಟ್‌ವೇರ್ ಬಂತು, ಈಗ ಮೂರು ಜನ. ಕಳೆದ ತಿಂಗಳು ಮೀನು ಮಾರುವ ಒಬ್ಬ ಅಮ್ಮ ಬಂದಿದ್ದರು. ಹೆಬ್ಬೆಟ್ಟು ಒತ್ತಿದರು, ಬರಲಿಲ್ಲ. ಸೆರಗಿಗೆ ಒರೆಸಿ ಒತ್ತಿದರು, ಬರಲಿಲ್ಲ. ಮೂವತ್ತು ವರ್ಷ ಐಸಿನಲ್ಲಿ ಕೈ ಇಟ್ಟು, ಮೀನು ಕೊಯ್ದು ಕೊಯ್ದು ಬೆರಳಿನ ಗೆರೆಯೇ ಸವೆದಿದೆ. ಮೊದಲಾದರೆ ನಾನೇ ಎದ್ದು ಹೋಗಿ ‘ಇವರು ನನಗೆ ಗೊತ್ತು, ನಮ್ಮ ಮನೆಗೇ ಬಂಗುಡೆ ತರುತ್ತಾರೆ’ ಅಂತ ಬರೆದು ಸಹಿ ಹಾಕುತ್ತಿದ್ದೆ. ಈಗ ಹಾಗೆ ಬರೆಯಲು ಜಾಗವೇ ಇಲ್ಲ. ಸ್ಕ್ರೀನ್ ಕೆಂಪಾಯಿತು, ಮುಗಿಯಿತು.

ನಿನ್ನೆ ಆ ಹುಡುಗ ನೀರಿನಿಂದ ಎದ್ದು ಬಂದು, ಗೋಲು ಇಲ್ಲ ಅಂತ ಗೊತ್ತಾಗಿ ಸುಮ್ನೆ ನಿಂತನಲ್ಲ, ಆಗ ಆ ಅಮ್ಮನ ಮುಖ ನೆನಪಾಯಿತು. ಯಂತ್ರ ಹೇಳಿದ್ದು ಸರಿ ಇದ್ದರೂ ಅದು ನ್ಯಾಯ ಆಗಿಬಿಡುತ್ತದಾ?

ಸದಾಶಿವಗಡ ಸ್ಟ್ರೈಕರ್ · ರಾತ್ರಿ 10.05

ಅಣ್ಣಾ, ಆಫ್‌ಸೈಡ್ ಅಂದರೆ ಆಫ್‌ಸೈಡ್. 2010ರ ವಿಶ್ವಕಪ್ ನೆನಪಿದೆಯಾ? ಲ್ಯಾಂಪಾರ್ಡ್ ಹೊಡೆದ ಚೆಂಡು ಜರ್ಮನಿಯ ಗೋಲಿನ ಗೆರೆ ದಾಟಿ ಒಳಗೆ ಬಿದ್ದಿತ್ತು. ಇಡೀ ಜಗತ್ತು ನೋಡಿತು, ರೆಫರಿ ಒಬ್ಬರು ನೋಡಲಿಲ್ಲ. ಮುಂದಿನ ವಿಶ್ವಕಪ್‌ಗೆ, ಅಂದರೆ 2014ಕ್ಕೆ, ಗೋಲ್ ಲೈನ್ ತಂತ್ರಜ್ಞಾನ ಬಂತು. 2018ಕ್ಕೆ ವಿಎಆರ್, ಅಂದರೆ ವಿಡಿಯೊ ನೋಡಿ ರೆಫರಿಗೆ ಹೇಳುವ ವ್ಯವಸ್ಥೆ, ಬಂತು. ಮೋಸ ಕಡಿಮೆ ಆಯಿತು ಅಲ್ವಾ? ಆಫೀಸು, ಸಾಲ ಎಲ್ಲ ಇಲ್ಲಿ ಯಾಕೆ ತರುತ್ತೀರಿ. ಫುಟ್‌ಬಾಲಿನಲ್ಲಿ ರಾಜಕೀಯ ಬೇಡ.

ಕೈಗಾ ಕಾಲೋನಿ · ರಾತ್ರಿ 10.31

ಮೊದಲು ಒಂದು ತಾಂತ್ರಿಕ ವಿಷಯ. ನಿನ್ನೆ ನಡೆದದ್ದು ವಿಎಆರ್ ಅಲ್ಲ ಮಾರಾಯ್ರೆ, ಮೊಬೈಲ್.

ಕತಾರ್‌ನಲ್ಲಿ 2022ರಲ್ಲಿ ಅರೆ-ಸ್ವಯಂಚಾಲಿತ ಆಫ್‌ಸೈಡ್ ತಂದರು. ಸ್ಟೇಡಿಯಂ ಛಾವಣಿಯ ಕೆಳಗೆ 12 ಕ್ಯಾಮೆರಾ. ಒಬ್ಬೊಬ್ಬ ಆಟಗಾರನ ಮೈಮೇಲೆ 29 ಬಿಂದು, ಅವು ಎಲ್ಲಿವೆ ಅಂತ ಸೆಕೆಂಡಿಗೆ 50 ಸಲ ಲೆಕ್ಕ. ಚೆಂಡಿನೊಳಗೆ ಸೆನ್ಸರ್, ಅದು ಸೆಕೆಂಡಿಗೆ 500 ಸಲ ಸುದ್ದಿ ಕಳಿಸುತ್ತದೆ. ಯಾಕೆ ಇಷ್ಟೆಲ್ಲ? ಚೆಂಡಿಗೆ ಕಾಲು ತಾಗಿದ ಆ ಒಂದು ಕ್ಷಣ ಸಿಗದಿದ್ದರೆ ಆಫ್‌ಸೈಡ್ ಅನ್ನುವ ಮಾತಿಗೇ ಅರ್ಥ ಇಲ್ಲ.

ನಿಮ್ಮ ಮೊಬೈಲ್ ಸೆಕೆಂಡಿಗೆ 30 ಚಿತ್ರ ತೆಗೆಯುತ್ತದೆ ಅಂತ ಇಟ್ಟುಕೊಳ್ಳಿ. ಹುಡುಗ ಸೆಕೆಂಡಿಗೆ ಆರು ಮೀಟರ್ ಓಡುತ್ತಿದ್ದ ಅಂದರೂ ಒಂದು ಚಿತ್ರದಿಂದ ಇನ್ನೊಂದಕ್ಕೆ ಅವನು 20 ಸೆಂಟಿಮೀಟರ್ ಮುಂದೆ ಹೋಗಿರುತ್ತಾನೆ. ಮೊಣಕಾಲು ಎಲ್ಲಿತ್ತು ಅಂತ ಹೇಗೆ ಹೇಳುತ್ತೀರಿ? ಜೊತೆಗೆ ಆ ತಮ್ಮ ನಿಂತದ್ದು ಎಲ್ಲಿ? ಕಾರ್ನರ್ ಹತ್ತಿರ, ಐಸ್‌ಕ್ರೀಂ ಗಾಡಿಯ ಪಕ್ಕ. ಓರೆಯಿಂದ ನೋಡಿದರೆ ಹಿಂದೆ ಇದ್ದವನೂ ಮುಂದೆ ಇದ್ದ ಹಾಗೆ ಕಾಣುತ್ತಾನೆ. ನಿಮ್ಮ ರೆಫರಿ ಬರಿಗಣ್ಣಿನಲ್ಲಿ ನೋಡಿದ್ದೇ ಜಾಸ್ತಿ ನಂಬುವಂಥದ್ದು.

ದೊಡ್ಡ ಯಂತ್ರ ಇದ್ದರೂ ಮನುಷ್ಯ ಎಡವುತ್ತಾನೆ. 2023ರ ಸೆಪ್ಟೆಂಬರ್ 30, ಟಾಟೆನ್‌ಹ್ಯಾಮ್-ಲಿವರ್‌ಪೂಲ್ ಆಟ. ಲಿವರ್‌ಪೂಲಿನ ಲೂಯಿಸ್ ಡಿಯಾಸ್ ಗೋಲು ಹೊಡೆದ. ಲೈನ್ಸ್‌ಮನ್ ಆಫ್‌ಸೈಡ್ ಅಂದ. ವಿಎಆರ್ ಕೋಣೆಯಲ್ಲಿ ಕೂತವರು ಮೈದಾನದಲ್ಲಿ ಗೋಲು ಕೊಟ್ಟಿದ್ದಾರೆ ಅಂದುಕೊಂಡರು. ಪರದೆ ನೋಡಿ ‘ಸರಿ ಇದೆ’ ಅಂದರು. ಅವರ ಲೆಕ್ಕದಲ್ಲಿ ಗೋಲು ಸರಿ, ಮೈದಾನದವರ ಕಿವಿಗೆ ಆಫ್‌ಸೈಡ್ ಸರಿ. ತಪ್ಪು ತಿಳಿಯುವಷ್ಟರಲ್ಲಿ ಆಟ ಮತ್ತೆ ಶುರುವಾಗಿತ್ತು. ಲಿವರ್‌ಪೂಲ್ 2-1ರಿಂದ ಸೋತಿತು.

ಸದಾಶಿವಗಡ ಸ್ಟ್ರೈಕರ್ · ರಾತ್ರಿ 10.34

ಲಿವರ್‌ಪೂಲ್ ಸೋತದ್ದು ಅನ್ಯಾಯ ಹೇಗೆ ಆಗುತ್ತದೆ ಸಾರ್ 😄

ದೋಹಾ ಭಟ್ಕಳ · ರಾತ್ರಿ 11.20

ಕತಾರ್ ಹೆಸರು ಬಂತು, ಹಾಗಾಗಿ ಬರೆಯುತ್ತಿದ್ದೇನೆ. 2022ರಲ್ಲಿ ನಾನು ಅಲ್ಲೇ ಬಸ್ ಓಡಿಸುತ್ತಿದ್ದೆ. ಅರ್ಜೆಂಟೀನಾ-ಸೌದಿ ಆಟದ ದಿನ ಜನರನ್ನು ಲುಸೈಲ್ ಸ್ಟೇಡಿಯಂಗೆ ಬಿಟ್ಟು ಪಾರ್ಕಿಂಗ್‌ನಲ್ಲಿ ಮೊಬೈಲ್‌ನಲ್ಲಿ ಆಟ ನೋಡುತ್ತಾ ಕೂತಿದ್ದೆ. ಮೊದಲ ಅರ್ಧದಲ್ಲೇ ಅರ್ಜೆಂಟೀನಾದ ಮೂರು ಗೋಲು ಆಫ್‌ಸೈಡಿಗೆ ಹೋದವು. ಒಂದರಲ್ಲಿ ಲೌಟಾರೊನ ತೋಳಿನ ತುದಿ ಅಷ್ಟೇ. ಕೊನೆಗೆ ಸೌದಿ 2-1. ಪಕ್ಕದ ಬಸ್ಸಿನ ಕೇರಳದವ ಮೆಸ್ಸಿ ಭಕ್ತ, ಸ್ಟೀರಿಂಗ್ ಮೇಲೆ ತಲೆ ಇಟ್ಟು ಅತ್ತಿದ್ದ.

ಆದರೆ ನನಗೆ ನೆನಪಿರುವುದು ಬೇರೆ. ಆಟಗಾರನ ತೋಳು ಎಲ್ಲಿದೆ ಅಂತ ಸೆಕೆಂಡಿಗೆ ಐವತ್ತು ಸಲ ನೋಡುವ ವ್ಯವಸ್ಥೆ ಇದ್ದ ಆ ಸ್ಟೇಡಿಯಂಗಳನ್ನು ಕಟ್ಟಿದ್ದು ನೇಪಾಳ, ಬಾಂಗ್ಲಾ, ನಮ್ಮ ದೇಶದ ಜನ. ಅವರು ಎಷ್ಟು ತಾಸು ಬಿಸಿಲಲ್ಲಿ ನಿಂತರು ಅಂತ ಅಷ್ಟು ಕರಾರುವಾಕ್ಕಾಗಿ ಯಾರೂ ಅಳೆಯಲಿಲ್ಲ. ಜಗತ್ತೆಲ್ಲ ಬೊಬ್ಬೆ ಹೊಡೆದ ಮೇಲೆ ಕಾನೂನು ಬದಲಾಯಿತು ಅನ್ನುವುದೂ ನಿಜ. 2021ರ ಮಾರ್ಚ್‌ನಿಂದ ಎಲ್ಲರಿಗೂ ತಿಂಗಳಿಗೆ ಕನಿಷ್ಠ 1,000 ರಿಯಾಲ್ ಅಂತ ಆಯಿತು. ಊಟ, ವಸತಿ ಕೊಡದಿದ್ದರೆ ಅದಕ್ಕೆ ಬೇರೆ. ಫುಟ್‌ಬಾಲ್ ಬರದಿದ್ದರೆ ಅದೂ ಬರುತ್ತಿತ್ತೋ ಇಲ್ಲವೋ. ಹಾಗಾಗಿ ‘ಫುಟ್‌ಬಾಲಿನಲ್ಲಿ ರಾಜಕೀಯ ಬೇಡ’ ಅನ್ನುವ ತಮ್ಮನಿಗೆ ಒಂದೇ ಮಾತು. ಆ ರಾಜಕೀಯದಿಂದ ನನ್ನ ರೂಮಿನ ಇಬ್ಬರಿಗೆ ಸಂಬಳ ಜಾಸ್ತಿ ಆಯಿತು.

ಬೈತಖೋಲ್ ತಾಂಡೇಲ · ಮಂಗಳವಾರ ಬೆಳಿಗ್ಗೆ 6.15

ರಾತ್ರಿ ನೋಡಿದೆ, ಬೆಳಿಗ್ಗೆ ಬರೆಯುತ್ತಿದ್ದೇನೆ. ಬೋಟು ಈಗಷ್ಟೇ ಬಂದರಿಗೆ ಬಂತು. ಗೋಲು ಹೊಡೆದ ಹುಡುಗ ನಮ್ಮ ಬೋಟಿನವ. ಜಾರ್ಖಂಡ್. ಮಾತು ಕಡಿಮೆ. ಐಸ್ ಹೊರುವಾಗಲೂ ಕಾಲಲ್ಲಿ ಏನಾದರೂ ಒದೆಯುತ್ತಾ ಇರುತ್ತಾನೆ.

ನನ್ನ ಅಪ್ಪ ರಂಪಣಿ ಬಲೆಯವರು. ಈಗಿನವರಿಗೆ ರಂಪಣಿ ಅಂದರೆ ಗೊತ್ತಿರುವುದಿಲ್ಲ. ದೋಣಿಯಲ್ಲಿ ಬಲೆ ಬಿಡುತ್ತಾ ಹೋಗಿ ಅರ್ಧಚಂದ್ರದ ಹಾಗೆ ಸುತ್ತಿ ಬರುವುದು. ಆಮೇಲೆ ಎರಡೂ ತುದಿ ಹಿಡಿದು ದಡದಿಂದ ಎಳೆಯುವುದು. ಐವತ್ತು ಅರವತ್ತು ಜನ ಬೇಕು. ದೊಡ್ಡ ಬಂಗುಡೆ ಹಿಂಡು ಸಿಕ್ಕಿದರೆ ದಾರಿಯಲ್ಲಿ ಹೋಗುವವನೂ ಬಂದು ಹಗ್ಗ ಹಿಡಿಯಬೇಕು. ಸಂಜೆ ಮರಳಿನ ಮೇಲೆ ಕೂತು ಲೆಕ್ಕ. ಬಲೆಗೆ ಪಾಲು, ದೋಣಿಗೆ ಪಾಲು, ಎಳೆದ ಕೈಗೆಲ್ಲ ಪಾಲು. ಜ್ವರ ಬಂದು ಮಲಗಿದವನ ಮನೆಗೂ ಒಂದು ಬುಟ್ಟಿ ಹೋಗುತ್ತಿತ್ತು. ಜಗಳ ಇರಲಿಲ್ಲ ಅಂತಲ್ಲ, ದಿನಾ ಇತ್ತು. ಆದರೆ ಲೆಕ್ಕ ಎಲ್ಲರ ಕಣ್ಣೆದುರು.

1970ರ ದಶಕದ ಕೊನೆಗೆ ಪರ್ಸೀನ್ ಬೋಟು ಬಂದವು. ಮೀನು ದಡಕ್ಕೆ ಬರುವ ಮೊದಲೇ ಹೊರಗೆ ಸುತ್ತಿ ಹಿಡಿದವು. ರಂಪಣಿಯವರು ಗಲಾಟೆ ಮಾಡಿದರು. ಅಪ್ಪ ಮೂರು ವರ್ಷ ಪರ್ಸೀನಿಗೆ ಬೈದರು, ನಾಲ್ಕನೇ ವರ್ಷ ಅದೇ ಬೋಟು ಹತ್ತಿದರು. ನಾನೂ ಅದರ ಅನ್ನ ತಿಂದವ. ಹಾಗಾಗಿ ಯಂತ್ರಕ್ಕೆ ಬೈಯಲು ನನಗೆ ಬಾಯಿಲ್ಲ. ಫಿಶ್ ಫೈಂಡರ್ ಇಲ್ಲದೆ ಈ ಡೀಸೆಲ್ ದರದಲ್ಲಿ ಹೊರಗೆ ಹೋದರೆ ಸಮುದ್ರ ಸುತ್ತಿ ಬರಿಗೈಯಲ್ಲಿ ಬರಬೇಕು.

ಬದಲಾದದ್ದು ಲೆಕ್ಕ. ಈಗ ಮೊದಲು ಡೀಸೆಲ್, ಐಸು, ರೇಷನ್ ಕಳೆಯುತ್ತಾರೆ. ಆಮೇಲೆ ಬೋಟಿನ ಪಾಲು. ಉಳಿದದ್ದು ನಮಗೆ. ಹೊಸ ಮೆಷಿನು ಬಂದಾಗೆಲ್ಲ ಬೋಟಿನ ಪಾಲು ದಪ್ಪ ಆಗುತ್ತದೆ, ಯಾಕೆ ಅಂದರೆ ಮೆಷಿನಿನ ಸಾಲ ತೀರಬೇಕು. ಸಾಲ ತೀರಿದ ಮೇಲೆ ಆ ಪಾಲು ಸಣ್ಣ ಆದದ್ದನ್ನು ಮಾತ್ರ ನಾನು ನೋಡಿಲ್ಲ.

ಕೋಡಿಬಾಗದ ತಮ್ಮಾ, ನಿಮ್ಮ ಆಫೀಸಿನಲ್ಲಿ ನಾಲ್ಕು ಜನರ ಸಂಬಳ ಉಳಿಯಿತಲ್ಲ, ಅದು ಯಾರ ಪಾಲಿಗೆ ಬಂತು ಅಂತ ಕೇಳಿದೆಯಾ?

ಕೋಡಿಬಾಗ ಕಾರ್ನರ್ · ಬೆಳಿಗ್ಗೆ 8.40

ಕೇಳಲಿಲ್ಲ ಅಣ್ಣಾ. ಉಳಿದ ಮೂವರಲ್ಲಿ ನಾನೊಬ್ಬ. ಕೇಳಿದರೆ ಇಬ್ಬರಾಗುತ್ತೇವೆ ಅನ್ನುವ ಹೆದರಿಕೆ.

ಶಿರಸಿ ಚಾಲಿ · ಬೆಳಿಗ್ಗೆ 10.10

ಘಟ್ಟದ ಮೇಲಿನವನ ಮಾತು ಸ್ವಲ್ಪ ಕೇಳಿ. ನಾನು ಕ್ರಿಕೆಟ್ ಪೈಕಿ, ವಿಶ್ವಕಪ್ ಬಂದಾಗ ಮಾತ್ರ ಫುಟ್‌ಬಾಲ್.

ನೀವೆಲ್ಲ ಯಂತ್ರದಿಂದ ಕೆಲಸ ಹೋಯಿತು ಅಂತೀರಿ. ನಮ್ಮಲ್ಲಿ ಮೊದಲು ಜನ ಹೋದರು, ಆಮೇಲೆ ಯಂತ್ರ ಬಂತು. ಅಡಿಕೆ ಕೊನೆ ಕೊಯ್ಯಲು ಕೊನೆಗೌಡ ಬೇಕು. ಮರ ಹತ್ತಿ, ಮರದಿಂದ ಮರಕ್ಕೆ ದಾಟಿ, ಕೊನೆ ಕೊಯ್ದು ಮಿಣಿಯಲ್ಲಿ ಇಳಿಸುವ ಕೆಲಸ. ಅವನ ಮಗ ಬೆಂಗಳೂರಿನಲ್ಲಿ ಪಾರ್ಸೆಲ್ ಕೊಡುತ್ತಾನೆ, ಮರ ಹತ್ತುವುದಿಲ್ಲ. ಹತ್ತು ಅಂತ ನಾನೂ ಹೇಳುವುದಿಲ್ಲ. ನಮ್ಮ ಸೀಮೆಯಲ್ಲಿ ಅಡಿಕೆ ಮರದಿಂದ ಬಿದ್ದು ಸೊಂಟ ಮುರಿದವರು ಇಲ್ಲದ ಊರಿಲ್ಲ. ಕಾರ್ಬನ್ ಫೈಬರ್ ದೋಟಿ ಬಂದದ್ದು ನಮಗೆ ಜೀವ ಬಂದ ಹಾಗಾಯಿತು. ಅದೇ ಕೊನೆಗೌಡ ಈಗ ನೆಲದ ಮೇಲೆ ನಿಂತು ಕೊಯ್ಯುತ್ತಾನೆ. ಕುತ್ತಿಗೆ ನೋವು ಅಂತಾನೆ, ಆದರೆ ಮನೆಗೆ ನಡೆದುಕೊಂಡು ಹೋಗುತ್ತಾನೆ.

ಯಂತ್ರ ಒಳ್ಳೆಯದೇ. ಎಲ್ಲದಕ್ಕೂ ಅಳಬೇಡಿ.

ಅಂಕೋಲೆ ಅಕ್ಕೋರು · ಮಧ್ಯಾಹ್ನ 1.25

ಊಟದ ಬಿಡುವಿನಲ್ಲಿ ಬರೆಯುತ್ತಿದ್ದೇನೆ. ಶಿರಸಿಯವರೇ, ದೋಟಿ ವಿಷಯ ಒಪ್ಪಿದೆ. ಅಡಿಕೆ ಸುಲಿಯುವ ಮೆಷಿನ್ ವಿಷಯ ಯಾಕೆ ಬಿಟ್ಟಿರಿ? ನನ್ನ ತವರು ಸಿದ್ದಾಪುರ ಕಡೆ. ಚಳಿಗಾಲದಲ್ಲಿ ಅಂಗಳದಲ್ಲಿ ಲೈಟ್ ಹಾಕಿ ಇಪ್ಪತ್ತು ಹೆಂಗಸರು ಮೆಟ್ಟುಗತ್ತಿ ಇಟ್ಟುಕೊಂಡು ಕೂತು ಸುಲಿಯುತ್ತಿದ್ದರು. ರಾತ್ರಿ ಹತ್ತರವರೆಗೆ ಸುಲಿತ, ಮಾತು, ನಗೆ. ಆ ದುಡ್ಡು ಗಂಡನ ಕೈಗೆ ಹೋಗುತ್ತಿರಲಿಲ್ಲ, ಅವರದ್ದೇ. ಮಗಳ ಕಿವಿಯೋಲೆ ಆಗುತ್ತಿತ್ತು, ಜಾತ್ರೆಯ ಬಳೆ ಆಗುತ್ತಿತ್ತು. ಮೆಷಿನ್ ಬಂದ ಮೇಲೆ ಅವರಲ್ಲಿ ಯಾರೂ ಮರದಿಂದ ಬೀಳುವುದು ತಪ್ಪಲಿಲ್ಲ, ದುಡ್ಡು ಮಾತ್ರ ತಪ್ಪಿತು. ಒಂದೇ ತೋಟ, ಎರಡು ಯಂತ್ರ, ಎರಡು ಲೆಕ್ಕ.

ಇನ್ನು ಫುಟ್‌ಬಾಲ್. ಸದಾಶಿವಗಡದ ತಮ್ಮಾ, ನಿನ್ನ ಮ್ಯಾಂಚೆಸ್ಟರ್ ಯುನೈಟೆಡ್ 1878ರಲ್ಲಿ ಶುರು ಮಾಡಿದ್ದು ಯಾರು ಗೊತ್ತಾ? ರೈಲು ಡಬ್ಬಿ ಕಾರ್ಖಾನೆಯ ಕೆಲಸಗಾರರು. ಆರ್ಸೆನಲ್ ಮದ್ದುಗುಂಡು ಕಾರ್ಖಾನೆಯವರದ್ದು, 1886. ವೆಸ್ಟ್ ಹ್ಯಾಮ್ 1895ರಲ್ಲಿ ಹಡಗು ಕಟ್ಟುವವರ ತಂಡವಾಗಿ ಹುಟ್ಟಿದ್ದು. ನಮ್ಮ ಬೈತಖೋಲ್ ಟೀಮಿನ ಹಾಗೇ.

ಆಟಗಾರರ ಸಂಬಳದ ಕಥೆ ಇನ್ನೂ ಚೆನ್ನಾಗಿದೆ. 1961ರವರೆಗೆ ಇಂಗ್ಲೆಂಡಿನಲ್ಲಿ ಎಂಥಾ ದೊಡ್ಡ ಆಟಗಾರನಿಗೂ ವಾರಕ್ಕೆ 20 ಪೌಂಡಿಗಿಂತ ಜಾಸ್ತಿ ಕೊಡುವ ಹಾಗಿರಲಿಲ್ಲ. ಗ್ಯಾಲರಿ ತುಂಬುತ್ತಿತ್ತು, ದುಡ್ಡು ಕ್ಲಬ್ಬಿನ ಮಾಲೀಕರಿಗೆ. ಜಿಮ್ಮಿ ಹಿಲ್ ಮುಂದೆ ನಿಂತು ಆಟಗಾರರ ಸಂಘ ಮುಷ್ಕರಕ್ಕೆ ಇಳಿಯುತ್ತೇವೆ ಅಂದಿತು. ಮಿತಿ ಹೋಯಿತು. ಅದೇ ವರ್ಷ ಫುಲ್‌ಹ್ಯಾಮ್‌ನ ಜಾನಿ ಹೇನ್ಸ್‌ಗೆ ವಾರಕ್ಕೆ 100 ಪೌಂಡ್. ಈಗ ಆಟಗಾರರಿಗೆ ಕೋಟಿ ಕೋಟಿ ಯಾಕೆ ಅಂತ ಬೈಯುತ್ತೇವೆ ಅಲ್ವಾ? ಅವರು ಪಾಲು ಕೇಳಿದರು, ಸಿಕ್ಕಿತು. ಮೈದಾನದ ಹುಲ್ಲು ಕತ್ತರಿಸುವವನು ಕೇಳಲಿಲ್ಲ, ಅಥವಾ ಕೇಳಿದ್ದು ಯಾರಿಗೂ ಕೇಳಿಸಲಿಲ್ಲ.

ತಾಂಡೇಲ ಅಣ್ಣನ ರಂಪಣಿ ಲೆಕ್ಕ ಓದಿದಾಗ ಪ್ರೀಮಿಯರ್ ಲೀಗ್ ನೆನಪಾಯಿತು. ಇಂಗ್ಲೆಂಡಿನೊಳಗಿನ ಟಿವಿ ದುಡ್ಡಿನಲ್ಲಿ ಅರ್ಧ ಭಾಗ ಇಪ್ಪತ್ತೂ ಕ್ಲಬ್ಬಿಗೆ ಸಮ ಪಾಲು. ಕಾಲು ಭಾಗ ಎಷ್ಟನೇ ಸ್ಥಾನ ಬಂದೆ ಅಂತ ನೋಡಿ. ಉಳಿದ ಕಾಲು ಭಾಗ ಎಷ್ಟು ಆಟ ಟಿವಿಯಲ್ಲಿ ಬಂತು ಅಂತ ನೋಡಿ. ಕಡೆಯ ಸ್ಥಾನದವನಿಗೂ ಒಂದು ಬುಟ್ಟಿ. ದಯೆಯಿಂದಲ್ಲ, ಎದುರಾಳಿ ಸತ್ತರೆ ಆಟವೇ ಇಲ್ಲ ಅಂತ.

ಸದಾಶಿವಗಡ ಸ್ಟ್ರೈಕರ್ · ಮಧ್ಯಾಹ್ನ 1.40

ಅಕ್ಕೋರೆ, ಎಲ್ಲ ಸರಿ. ಆದರೆ ನಮ್ಮ ಊರಿನ ಟೂರ್ನಮೆಂಟಿನಲ್ಲಿ ಜಾರ್ಖಂಡಿನವ ಯಾಕೆ ಆಡಬೇಕು? ವಾರ್ಡಿನ ಹುಡುಗರಿಗೆ ಜಾಗ ಸಿಗುವುದಿಲ್ಲ. ಬಹುಮಾನದ ದುಡ್ಡೂ ಹೊರಗೆ ಹೋಗುತ್ತದೆ. ಪಾಲು ಪಾಲು ಅಂತೀರಿ, ನಮ್ಮ ಪಾಲು?

ದೋಹಾ ಭಟ್ಕಳ · ಮಧ್ಯಾಹ್ನ 2.15

ಹದಿನಾಲ್ಕು ವರ್ಷದಿಂದ ನಾನೂ ಹೊರಗಿನವನೇ ತಮ್ಮಾ. ಇಲ್ಲಿ ಶುಕ್ರವಾರ ಕೂಲಿಗಳ ಲೀಗ್ ಆಗುತ್ತದೆ, ಅಲ್ಲಿ ಆಡುತ್ತೇನೆ. ಯಾರೂ ವಾರ್ಡ್ ಕೇಳಿಲ್ಲ.

ಬೈತಖೋಲ್ ತಾಂಡೇಲ · ಸಂಜೆ 5.00

ಬೋಟಿಗೆ ಅವನು ಬೇಕು, ಬೀಚಿಗೆ ಬೇಡವಾ? ಇರುವ ಮಾತು ಹೇಳುತ್ತೇನೆ. ವಾರ್ಡಿನ ಹುಡುಗರನ್ನು ಬೋಟಿಗೆ ಕರೆದು ಕರೆದು ಸಾಕಾಗಿದೆ. ಹದಿನೈದು ದಿನ ಬರುತ್ತಾರೆ, ಬೈಕ್ ಕಂತು ಕಟ್ಟಿ ಬಿಡುತ್ತಾರೆ. ಅವರದ್ದೂ ತಪ್ಪಲ್ಲ, ಪಾಲು ಸಣ್ಣದಾದ ಕೆಲಸಕ್ಕೆ ಯಾರು ಬರುತ್ತಾರೆ. ಅವನಿಗೆ ಬೇರೆ ದಾರಿ ಇಲ್ಲ, ಅದಕ್ಕೇ ಬಂದಿದ್ದಾನೆ.

ಕಾಲೋನಿ ಗೋಲ್‌ಕೀಪರ್ · ಸಂಜೆ 7.30

ಮೊನ್ನೆ ಗೋಲು ತಿಂದವನು ನಾನೇ. ಹೇಳಿಬಿಡುತ್ತೇನೆ, ನನಗೆ ಅದು ಆಫ್‌ಸೈಡ್ ಅನಿಸಿರಲಿಲ್ಲ. ಆದರೆ ನಮ್ಮವನೇ ಮೊಬೈಲ್ ತಂದಾಗ ಬಾಯಿ ಮುಚ್ಚಿಕೊಂಡು ನಿಂತೆ.

ರಾಜಕೀಯ ಬೇಡ ಅನ್ನುವವರಿಗೆ ಒಂದು ವಿಷಯ. ನಾನು ಪುನರ್ವಸತಿ ಕಾಲೋನಿಯವನು. ನಮ್ಮ ಹಳೇ ಊರಲ್ಲಿ ಗದ್ದೆ ಕೊಯ್ಲು ಆದ ಮೇಲೆ ಫುಟ್‌ಬಾಲ್ ಆಡುತ್ತಿದ್ದರಂತೆ, ಅಪ್ಪ ಹೇಳುತ್ತಾರೆ. ಒಂದು ದೊಡ್ಡ ಯೋಜನೆಗೆ ಊರು ಹೋಯಿತು. ಕಾಲೋನಿಯ ನಕಾಶೆಯಲ್ಲಿ ಆಟದ ಮೈದಾನ ಅಂತ ಒಂದು ಚೌಕ ಇದೆ. ನೆಲದ ಮೇಲೆ ಹುಡುಕಿದರೆ ಸಿಗುವುದು ನೀರಿನ ಟ್ಯಾಂಕ್. ಹಾಗಾಗಿ ನಾವು ಬೀಚಿಗೆ ಬರುತ್ತೇವೆ. ಆ ಬೀಚು ಉಳಿದದ್ದಾದರೂ ಹೇಗೆ? 2020ರ ಜನವರಿಯಲ್ಲಿ ಬಂದರು ವಿಸ್ತರಣೆ ಬೇಡ ಅಂತ ಮೀನುಗಾರರು ಬೀದಿಗೆ ಇಳಿದದ್ದು ಮರೆತುಹೋಯಿತಾ? ಅವತ್ತು ಮೀನು ಮಾರುವ ಅಮ್ಮಂದಿರು ಪೊಲೀಸರ ಎದುರು ಕೂತಿದ್ದರು. ನಾವು ಹುಡುಗರು ಮನೆಯಲ್ಲಿ ಹೈಲೈಟ್ಸ್ ನೋಡುತ್ತಿದ್ದೆವು.

ಕೋಡಿಬಾಗ ಕಾರ್ನರ್ · ರಾತ್ರಿ 8.10

ಹೌದು ಮಾರಾಯ. ನಾನೂ ಮನೆಯಲ್ಲೇ ಇದ್ದೆ. 2016ರಲ್ಲಿ ಲಿವರ್‌ಪೂಲಿನಲ್ಲಿ ಟಿಕೆಟ್ 77 ಪೌಂಡ್ ಮಾಡುತ್ತೇವೆ ಅಂದಾಗ ಜನ 77ನೇ ನಿಮಿಷಕ್ಕೆ ಸರಿಯಾಗಿ ಎದ್ದು ಹೊರಗೆ ನಡೆದರಲ್ಲ, ಆ ವಿಡಿಯೊ ನೂರು ಸಲ ನೋಡಿದ್ದೇನೆ. ಕ್ಲಬ್ ಕ್ಷಮೆ ಕೇಳಿ ದರ ಇಳಿಸಿತು. 2021ರ ಏಪ್ರಿಲ್‌ನಲ್ಲಿ ಹನ್ನೆರಡು ಶ್ರೀಮಂತ ಕ್ಲಬ್‌ಗಳು ಬೇರೆ ಸೂಪರ್ ಲೀಗ್ ಮಾಡಲು ಹೊರಟವು. ಎರಡೇ ದಿನದಲ್ಲಿ ಇಂಗ್ಲೆಂಡಿನ ಆರೂ ಕ್ಲಬ್ ವಾಪಸ್. ಆಗ ನಾನು ಸ್ಟೇಟಸ್ ಹಾಕಿದ್ದೇ ಹಾಕಿದ್ದು. ಜನ ಎದ್ದು ನಿಂತರೆ ಆಗುತ್ತದೆ ಅಂತ ಇಂಗ್ಲೆಂಡಿನವರಿಗೆ ಬುದ್ಧಿ ಹೇಳಿದವನು, ನನ್ನ ಪಕ್ಕದ ಕುರ್ಚಿಯವಳು ಬ್ಯಾಗ್ ತಗೊಂಡು ಹೋದ ದಿನ ಎದ್ದು ಬಾಗಿಲವರೆಗೂ ಹೋಗಲಿಲ್ಲ.

ಕೈಗಾ ಕಾಲೋನಿ · ರಾತ್ರಿ 8.45

ದೂರದ ಕ್ಲಬ್ ಯಾಕೆ, ನಮ್ಮಲ್ಲೇ ನೋಡಿ. 2023ರ ಮಾರ್ಚ್‌ನಲ್ಲಿ ಕರ್ನಾಟಕ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷದ ಮೇಲೆ ರಾಜ್ಯ ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿ ಗೆದ್ದಿತು. ಆ ಟೀಮಿನ ಐದು ಹೆಸರು ಯಾರಾದರೂ ಹೇಳಿ ನೋಡೋಣ. ನನಗೂ ಬರುವುದಿಲ್ಲ. 2025ರ ಜುಲೈನಲ್ಲಿ ನಮ್ಮ ದೇಶದ ದೊಡ್ಡ ಫುಟ್‌ಬಾಲ್ ಲೀಗ್ ಐಎಸ್‌ಎಲ್ ತಡೆಹಿಡಿದರು, ಲೀಗ್ ನಡೆಸುವ ಒಪ್ಪಂದ ಮುಗಿಯುತ್ತಿದೆ ಅಂತ. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ಆಟಗಾರರ, ಸಿಬ್ಬಂದಿಯ ಸಂಬಳ ಸದ್ಯಕ್ಕೆ ನಿಲ್ಲಿಸುತ್ತೇವೆ ಅಂತ ಹೇಳಿತು. ಇದರಲ್ಲಿ ಯಾವ ಯಂತ್ರವೂ ಇರಲಿಲ್ಲ. ಕಾಗದದ ಒಪ್ಪಂದ ಒಂದೇ ಸಾಕಾಯಿತು.

ಶಿರಸಿ ಚಾಲಿ · ರಾತ್ರಿ 9.20

ಅಕ್ಕೋರು ಕೇಳಿದ್ದಕ್ಕೆ ಉತ್ತರ ಕೊಡಬೇಕಲ್ಲ. ಇಡೀ ದಿನ ಅದೇ ತಲೆಯಲ್ಲಿತ್ತು. ಸುಲಿಯುವ ಮೆಷಿನ್ ತಂದು ಐದು ವರ್ಷ ಆಯಿತು, ಸಾಲ ತೀರಿ ಎರಡು ವರ್ಷ. ಉಳಿದ ದುಡ್ಡು ಎಲ್ಲಿ ಹೋಯಿತು ಅಂದರೆ ಮಗನ ಫೀಸಿಗೆ ಹೋಯಿತು. ಅವನು ಓದುವುದು ಕಂಪ್ಯೂಟರ್, ಅದರಲ್ಲೂ ಇದೇ ಎಐ. ಅಂದರೆ ನಮ್ಮ ಅಂಗಳದ ಹೆಂಗಸರ ದುಡ್ಡಿನಲ್ಲಿ ಕೋಡಿಬಾಗದವರ ಆಫೀಸಿನ ಸಾಫ್ಟ್‌ವೇರ್ ಬರೆಯುವವನನ್ನು ತಯಾರು ಮಾಡುತ್ತಿದ್ದೇನೆ. ನಗಬೇಕೋ ಏನು ಮಾಡಬೇಕೋ ತಿಳಿಯಲಿಲ್ಲ.

ಮೆಷಿನ್ ಮಾರುವುದಿಲ್ಲ, ಸುಳ್ಳು ಹೇಳಲಾರೆ. ಮಳೆಗಾಲ ಕಳೆದ ಮೇಲೆ ಅದನ್ನು ನಡೆಸಲು ಗಂಡಾಳಿನ ಬದಲು ಆ ಹೆಂಗಸರಲ್ಲೇ ಇಬ್ಬರನ್ನು ಕರೆಯುವುದು ಅಂತ ಮನೆಯಲ್ಲಿ ಮಾತಾಯಿತು. ಇಪ್ಪತ್ತು ಜನಕ್ಕೆ ಇಬ್ಬರು, ಅಷ್ಟೇ. ಹೆಚ್ಚು ಹೇಳಿಕೊಳ್ಳುವಂಥದ್ದಲ್ಲ.

ಅಂಕೋಲೆ ಅಕ್ಕೋರು · ರಾತ್ರಿ 9.45

ನಿಜ ಹೇಳಿದಿರಿ, ಸಂತೋಷ. ಇಬ್ಬರಲ್ಲ, ನಾಲ್ವರನ್ನು ಕರೆಯಿರಿ. ಪಾಳಿ ಮೇಲೆ ಬರುತ್ತಾರೆ.

ಈಗ ಅಸಲು ವಿಷಯಕ್ಕೆ ಬರೋಣ. ನನ್ನ ಹತ್ತಿರ ಟೂರ್ನಮೆಂಟಿನ ಚೀಟಿ ಇದೆ. ನಮ್ಮ ಶಾಲೆ ಹುಡುಗ ತಂದು ಕೊಟ್ಟಿದ್ದ. ಕೆಳಗೆ ದಪ್ಪ ಅಕ್ಷರದಲ್ಲಿ ‘ಎಲ್ಲ ಪಂದ್ಯಗಳು ಫಿಫಾ ಬೀಚ್ ಸಾಕರ್ ನಿಯಮದಂತೆ’ ಅಂತ ಇದೆ. ಕಮಿಟಿಯವರು ಚಂದ ಕಾಣಲಿ ಅಂತ ಹಾಕಿರಬೇಕು.

ಬೀಚ್ ಸಾಕರ್‌ನಲ್ಲಿ ಆಫ್‌ಸೈಡ್ ನಿಯಮವೇ ಇಲ್ಲ.

ಸದಾಶಿವಗಡ ಸ್ಟ್ರೈಕರ್ · ರಾತ್ರಿ 9.46

ಏನು???

ಕೈಗಾ ಕಾಲೋನಿ · ರಾತ್ರಿ 9.52

ಈಗ ನೋಡಿದೆ. ಅಕ್ಕೋರು ಹೇಳಿದ್ದು ಸರಿ. ಆಫ್‌ಸೈಡ್ ಇಲ್ಲ. ಅಷ್ಟೇ ಅಲ್ಲ, ಕಡೆಗೆ ಐದೇ ಜನ ಆಡಬೇಕು, ಹನ್ನೆರಡು ನಿಮಿಷದ ಮೂರು ಅವಧಿ. ನೀವು ಎಂಟೆಂಟು ಜನ ಆಡಿದಿರಿ. ಇಡೀ ಟೂರ್ನಮೆಂಟೇ ನಿಯಮಕ್ಕೆ ವಿರುದ್ಧ. ನಾನು ಸೆನ್ಸರ್, ಸೆಂಟಿಮೀಟರ್ ಅಂತ ಬರೆದದ್ದೆಲ್ಲ ದಂಡ.

ಕಾಲೋನಿ ಗೋಲ್‌ಕೀಪರ್ · ರಾತ್ರಿ 9.55

ನಗು ತಡೆಯಲು ಆಗುತ್ತಿಲ್ಲ. ಎರಡು ದಿನ ಊಟ ಸೇರಿರಲಿಲ್ಲ ನನಗೆ.

ಕೋಡಿಬಾಗ ಕಾರ್ನರ್ · ರಾತ್ರಿ 10.20

ಕಮಿಟಿಯವರ ಜೊತೆ ಈಗ ಫೋನಿನಲ್ಲಿ ಮಾತಾಡಿದೆ. ಚೀಟಿ ಪ್ರಿಂಟ್ ಮಾಡಿದವರು ಹೋದ ವರ್ಷದ ಬೇರೆ ಊರಿನ ಚೀಟಿ ನೋಡಿ ಹಾಕಿದ್ದಂತೆ. ಗೋಲು ಕೊಟ್ಟು 2-1 ಅಂತ ಹಿಡಿದು ಉಳಿದ ಹನ್ನೆರಡು ನಿಮಿಷ ಮತ್ತೆ ಆಡಿಸುತ್ತಾರೆ. ನಮ್ಮ ಟೀಮಿನವರು ಒಪ್ಪಿದ್ದಾರೆ. ಒಬ್ಬ ಮಾತ್ರ ಇನ್ನೂ ಗೊಣಗುತ್ತಿದ್ದಾನೆ, ಮೊಬೈಲ್ ತಮ್ಮನ ಅಣ್ಣ. ಮೇ 31ರ ಭಾನುವಾರ ಆಗಬಹುದಾ?

ಬೈತಖೋಲ್ ತಾಂಡೇಲ · ರಾತ್ರಿ 10.35

31 ಆಗುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಸಮುದ್ರ ಬಂದ್, ಮೀನು ಹಿಡಿಯುವ ಹಾಗಿಲ್ಲ. ಬೋಟೆಲ್ಲ 31ರ ರಾತ್ರಿಯೊಳಗೆ ಬಂದರಿಗೆ ಬರಬೇಕು. ಬಲೆ ಇಳಿಸುವ ಕೆಲಸ ಇರುತ್ತದೆ. ಹುಡುಗನ ರೈಲು ಟಿಕೆಟ್ಟೂ 29ಕ್ಕೇ ಆಗಿದೆ. ಆಡುವುದಾದರೆ 24. ಸಂಜೆ ನಾಲ್ಕೂವರೆಗೆ. ಆಮೇಲೆ ಭರತಿ ಬಂದರೆ ನಿಮ್ಮ ಬಲಗಡೆ ಗೆರೆ ನೀರಲ್ಲಿ ಹೋಗುತ್ತದೆ.

ಸದಾಶಿವಗಡ ಸ್ಟ್ರೈಕರ್ · ರಾತ್ರಿ 10.38

24ಕ್ಕೆ ಪ್ರೀಮಿಯರ್ ಲೀಗಿನ ಕಡೇ ದಿನ!

ಬೈತಖೋಲ್ ತಾಂಡೇಲ · ರಾತ್ರಿ 10.40

ಅದು ರಾತ್ರಿ ಎಂಟೂವರೆಗೆ. ಹನ್ನೆರಡು ನಿಮಿಷ ಆಡಿ, ಸ್ನಾನ ಮಾಡಿ, ಉಂಡು ನೋಡು. ಜೂನ್ 11ಕ್ಕೆ ವಿಶ್ವಕಪ್ ಶುರು. ಬಂದ್ ಇರುವಾಗ ನಮಗೂ ಕೆಲಸ ಇಲ್ಲ, ಜುಲೈ 19ರವರೆಗೆ ನೋಡಿದ್ದೇ ನೋಡಿದ್ದು. ಬಂದರಿನ ಶೆಡ್ಡಿನಲ್ಲಿ ಪರದೆ ಹಾಕುತ್ತೇವೆ, ನೀನೂ ಬಾ. ಮೊದಲ ಆಟ ಮೆಕ್ಸಿಕೊದ ಅಜ್ಟೆಕಾದಲ್ಲಂತೆ. ಮರಡೋನಾ 1986ರಲ್ಲಿ ಇಂಗ್ಲೆಂಡಿಗೆ ಕೈಯಲ್ಲಿ ಗೋಲು ಹೊಡೆದ ಅದೇ ಸ್ಟೇಡಿಯಂ. ಅವತ್ತು ನಿಮ್ಮ ಕೈಗಾದವರ ಹನ್ನೆರಡು ಕ್ಯಾಮೆರಾ ಇದ್ದಿದ್ದರೆ ನಮಗೆ ಮಾತಾಡಲು ಏನು ಉಳಿಯುತ್ತಿತ್ತು.

ಅಂಕೋಲೆ ಅಕ್ಕೋರು · ರಾತ್ರಿ 10.50

24ಕ್ಕೆ ನಾನೂ ಬರುತ್ತೇನೆ. ಆಟ ಮುಗಿಯುವವರೆಗೆ ಎಲ್ಲರ ಮೊಬೈಲ್ ನನ್ನ ಚೀಲದಲ್ಲಿ.

ಕೋಡಿಬಾಗ ಕಾರ್ನರ್ · ರಾತ್ರಿ 10.58

ಆ ಮೀನು ಮಾರುವ ಅಮ್ಮನ ಅರ್ಜಿ ವಿಷಯ. ಇವತ್ತು ನಾವು ಮೂವರೂ ಸೇರಿ ಮ್ಯಾನೇಜರ್ ಹತ್ತಿರ ಹೋಗಿದ್ದೆವು. ಹೆಬ್ಬೆಟ್ಟು ಬರದವರಿಗೆ ಇಬ್ಬರು ಸಹಿ ಹಾಕಿದರೆ ಅರ್ಜಿ ಮುಂದೆ ಹೋಗಲಿ ಅಂತ ಬರೆದು ಕೊಟ್ಟೆವು. ಮೇಲಿನವರಿಗೆ ಕಳಿಸುತ್ತೇನೆ ಅಂದಿದ್ದಾರೆ. ನೋಡಬೇಕು.

ಬಹುಮಾನದ ಲೆಕ್ಕ ಏನು ತಾಂಡೇಲಣ್ಣಾ? ನಿಮ್ಮವರು ಗೆದ್ದರೆ ಎಷ್ಟು ಪಾಲು?

ಬೈತಖೋಲ್ ತಾಂಡೇಲ · ರಾತ್ರಿ 11.10

ಎಂಟು ಜನ ಆಡುವವರು, ಮೂವರು ಕೂತವರು, ಹನ್ನೊಂದು. ಹನ್ನೆರಡನೆಯದು ಚೆಂಡಿನ ಪಾಲು. ಒಂದಕ್ಕೆ 1,250 ಬರುತ್ತದೆ. ಕೂತವನಿಗೂ ಅಷ್ಟೇ, ಗೋಲು ಹೊಡೆದವನಿಗೂ ಅಷ್ಟೇ. ಹುಡುಗನದ್ದು 28ಕ್ಕೇ ಕೈಗೆ ಕೊಡಬೇಕು, ಕಮಿಟಿಯವರಿಗೆ ಕಪಾಟಿನ ಬೀಗ ಹುಡುಕಿ ಇಡಲು ಹೇಳು.